ಆರು ದಿನದಲ್ಲಿ ಸುಗ್ರೀವಾಜ್ಞೆ, ಹದಿಮೂರು ವರ್ಷಕ್ಕೆ ಕಾನೂನು: ಕೆ. ಆರ್. ಗೌರಿಯಮ್ಮ ಮಾಡಿದ ಕೆಲಸ

ಕೇಶವಾನಂದ ಭಾರತಿ ಕೇಸಿನ ಹೆಸರು ಕೇಳದವರು ಕಡಿಮೆ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಗೆ ಕೈ ಹಾಕುವ ಹಾಗಿಲ್ಲ ಎಂದು 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟ್ ಹೇಳಿದ ಕೇಸು ಅದು. ಕೇಸು ಹಾಕಿದವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ಯಕ್ಷಗಾನ ಭಾಗವತಿಕೆಯನ್ನೂ ಬಲ್ಲವರು ಎಂಬುದು ಕನ್ನಡಿಗರಿಗೆ ಗೊತ್ತಿರುವ ಸಂಗತಿಯೇ. ಆದರೆ ಸ್ವಾಮೀಜಿ ಕೋರ್ಟಿಗೆ ಹೋದದ್ದು ಯಾವ ಕಾನೂನಿನ ವಿರುದ್ಧ? ಅದನ್ನು ತಂದವರು ಯಾರು? ಇದರ ಬಗ್ಗೆ ನಮ್ಮಲ್ಲಿ ಮಾತು ಬಹಳ ಕಡಿಮೆ.

ಅದು ಕೇರಳದ ಭೂಸುಧಾರಣೆ ಕಾನೂನು. ಅದನ್ನು ವಿಧಾನಸಭೆಯಲ್ಲಿ ಮಂಡಿಸಿ ದಡ ಸೇರಿಸಿದ ಕಂದಾಯ ಮಂತ್ರಿ ಕೆ. ಆರ್. ಗೌರಿ. ಮುಂದೆ ಇಡೀ ಕೇರಳಕ್ಕೆ ಗೌರಿಯಮ್ಮ. 1957ರಲ್ಲಿ ಮೊದಲ ಸಲ ಮಂತ್ರಿಯಾದಾಗ ಅವರಿಗೆ 37 ವರ್ಷ. ಹನ್ನೊಂದು ಜನರ ಸಂಪುಟದಲ್ಲಿ ಇದ್ದ ಒಬ್ಬಳೇ ಹೆಂಗಸು.

ಗೌರಿಯಮ್ಮನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರ ಸಿಟ್ಟು, ಹಟ, ನೇರ ಮಾತು ಇವನ್ನೇ ಜಾಸ್ತಿ ಹೇಳುತ್ತಾರೆ. ಅವೆಲ್ಲ ಇದ್ದವು, ಸುಳ್ಳಲ್ಲ. ಆದರೆ ಅವರ ದೊಡ್ಡತನ ಬೇರೆ ಕಡೆ ಇದೆ ಅನ್ನೋದು ನನ್ನ ನಂಬಿಕೆ. ಜಮೀನಿನ ವಿಷಯದಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಲೆಕ್ಕ ತಪ್ಪಿದ ಕಡೆಯೆಲ್ಲ ಭೂಸುಧಾರಣೆ ಕಾಗದದಲ್ಲೇ ಉಳಿಯಿತು.

ಹುಟ್ಟಿದ ಊರು, ಬೆಳೆದ ಕಾಲ

ಗೌರಿ ಹುಟ್ಟಿದ್ದು 1919ರ ಜುಲೈ 14ರಂದು, ಆಲಪ್ಪುಳ ಸೀಮೆಯ ಚೇರ್ತಲ ಹತ್ತಿರದ ಪಟ್ಟಣಕ್ಕಾಡ್‌ನಲ್ಲಿ. ಆಗ ಅದು ತಿರುವಾಂಕೂರು ಸಂಸ್ಥಾನ. ಈಳವ ಜಾತಿಯ ಅನುಕೂಲಸ್ಥ ಮನೆ. ಈಳವರು ಅಂದರೆ ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ಮಂಗಳೂರಿನ ಕುದ್ರೋಳಿ ದೇವಸ್ಥಾನ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು ಹುಟ್ಟಿದ ಸಮುದಾಯ ಅದು. ಮನೆಯಲ್ಲಿ ದುಡ್ಡಿದ್ದರೂ ದೇವಸ್ಥಾನದ ಒಳಗೆ ಬಿಡದ ಕಾಲ. ಗೌರಿಗೆ ಐದು ವರ್ಷವಾಗುವ ಹೊತ್ತಿಗೆ ವೆಂಬನಾಡ್ ಕೆರೆಯ ಆಚೆ ದಡದ ವೈಕಂನಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯುವ ಹಕ್ಕಿಗಾಗಿ ಸತ್ಯಾಗ್ರಹ ನಡೆಯುತ್ತಿತ್ತು. ದೇವಸ್ಥಾನದ ಬಾಗಿಲು ತೆರೆಯುವ ಘೋಷಣೆ ಬಂದದ್ದು 1936ರಲ್ಲಿ. ಆಗ ಅವರಿಗೆ 17.

ಎರ್ನಾಕುಲಂನಲ್ಲಿ ಕಾಲೇಜು, ತಿರುವನಂತಪುರದಲ್ಲಿ ಕಾನೂನು. ಈಳವ ಸಮುದಾಯದಿಂದ ಕಾನೂನು ಪದವಿ ಪಡೆದ ಮೊದಲ ಮಹಿಳೆ ಅವರು. ಚೇರ್ತಲಕ್ಕೆ ವಾಪಸು ಬಂದು ವಕೀಲಿಕೆ ಶುರು ಮಾಡಿದರು. ಅಣ್ಣ ಸುಕುಮಾರನ್ ಕಾರ್ಮಿಕ ಸಂಘದಲ್ಲಿದ್ದರು. ಆ ಸೀಮೆ ತುಂಬ ತೆಂಗಿನ ನಾರಿನ ಕಾರ್ಖಾನೆಗಳು, ಕೂಲಿಗಾಗಿ ಹೋರಾಟ. 1946ರ ಅಕ್ಟೋಬರ್‌ನಲ್ಲಿ ಪುನ್ನಪ್ರ ಮತ್ತು ವಯಲಾರ್‌ಗಳಲ್ಲಿ ಸಂಸ್ಥಾನದ ಸೈನ್ಯ ಕಾರ್ಮಿಕರ ಮೇಲೆ ಗುಂಡು ಹಾರಿಸಿತು. ವಯಲಾರ್ ಅವರ ಮನೆಗೆ ಬಹಳ ದೂರವಲ್ಲ.

1948ರಲ್ಲಿ ಅವರು ಕಮ್ಯುನಿಸ್ಟ್ ಪಕ್ಷ ಸೇರಿದರು. ಸದಸ್ಯತ್ವ ಕೊಟ್ಟವರು ಕೇರಳದಲ್ಲಿ ಆ ಪಕ್ಷ ಕಟ್ಟಿದ ಪಿ. ಕೃಷ್ಣ ಪಿಳ್ಳೆ. ಪಕ್ಷದ ಮೇಲೆ ನಿಷೇಧ ಬಂತು, ಜೈಲಾಯಿತು, ಲಾಕಪ್ಪಿನಲ್ಲಿ ಹಿಂಸೆಯಾಯಿತು. ಅದರ ಬಗ್ಗೆ ಅವರು ಮುಂದೆ ಆಡಿದ ಒಂದು ಮಾತು ಕೇರಳದಲ್ಲಿ ಎಲ್ಲರಿಗೂ ಗೊತ್ತು. ಪೊಲೀಸರ ಲಾಠಿಗೆ ಬಸಿರು ಮಾಡುವ ಶಕ್ತಿ ಇದ್ದಿದ್ದರೆ ತಾನು ಎಷ್ಟೋ ಲಾಠಿ ಮಕ್ಕಳನ್ನು ಹೆತ್ತಿರುತ್ತಿದ್ದೆ ಎಂಬರ್ಥದ ಮಾತು. ಆ ಕಾಲದ ಹೆಂಗಸೊಬ್ಬಳು ತನಗಾದದ್ದನ್ನು ನಾಚಿಕೆ ಪಡದೆ, ಮರೆಮಾಚದೆ ಹೇಳಿದ್ದು ಸಣ್ಣ ವಿಷಯವಲ್ಲ. ನಾಚಿಕೆ ಪಡಬೇಕಾದವರು ಲಾಠಿ ಹಿಡಿದವರು ಎಂದು ಅವರಿಗೆ ಸ್ಪಷ್ಟವಿತ್ತು.

1952ರಲ್ಲೂ 1954ರಲ್ಲೂ ತಿರುವಾಂಕೂರು-ಕೊಚ್ಚಿ ವಿಧಾನಸಭೆಗೆ ಗೆದ್ದರು.

ಜಮೀನು ಯಾರದು, ದುಡಿಯುವವರು ಯಾರು

ಅವರ ಕೆಲಸ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಕೇರಳದ ಜಮೀನಿನ ಹಳೆಯ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು.

ಎಲ್ಲಕ್ಕಿಂತ ಮೇಲೆ ಜನ್ಮಿ. ಹುಟ್ಟಿನಿಂದಲೇ ಜಮೀನಿನ ಹಕ್ಕು ಇದ್ದವನು. ಹೆಚ್ಚಿನವರು ನಂಬೂದಿರಿ ಮನೆತನಗಳು, ದೇವಸ್ಥಾನಗಳು, ಅರಸು ಮನೆಗಳು, ಕೆಲವು ನಾಯರ್ ತರವಾಡುಗಳು, ಅಂದರೆ ಕೂಡುಕುಟುಂಬಗಳು. ಅವರ ಕೆಳಗೆ ಕಾಣಂ ಗೇಣಿದಾರರು. ಒಂದಿಷ್ಟು ದುಡ್ಡು ಮುಂಗಡ ಕೊಟ್ಟು ಜಮೀನು ಹಿಡಿದವರು, ಸ್ವಲ್ಪ ಭದ್ರತೆ ಇದ್ದವರು. ಅವರಿಂದ ಮತ್ತೆ ಗೇಣಿಗೆ ಪಡೆದು ನಿಜವಾಗಿ ಉಳುತ್ತಿದ್ದವರು ವೆರುಂಪಾಟ್ಟಂ ಗೇಣಿದಾರರು. ದಕ್ಷಿಣ ಕನ್ನಡದ ಮೂಲಗೇಣಿ, ಚಾಲಗೇಣಿ ನೆನಪಿದ್ದವರಿಗೆ ಈ ಮೆಟ್ಟಿಲುಗಳು ಹೊಸದಲ್ಲ. ಚಾಲಗೇಣಿಯವನ ಹಾಗೆ ವೆರುಂಪಾಟ್ಟಂನವನಿಗೂ ನಾಳೆ ಇದೇ ಗದ್ದೆ ತನ್ನ ಕೈಯಲ್ಲಿ ಇರುತ್ತದೆ ಎಂಬ ಖಾತ್ರಿ ಇರಲಿಲ್ಲ.

ಇವರೆಲ್ಲರ ಕೆಳಗೆ ಇನ್ನೊಂದು ಮೆಟ್ಟಿಲು. ಧಣಿಯ ಜಾಗದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು ಅವನ ಗದ್ದೆಯಲ್ಲೇ ಕೂಲಿ ಮಾಡುವವರು, ಕುಡಿಕಿಡಪ್ಪುಕಾರರು. ಇವರಲ್ಲಿ ಬಹಳಷ್ಟು ಜನ ಪುಲಯ, ಪರಯ ಜಾತಿಗಳ ದಲಿತರು. ಗೇಣಿಯ ಮಾತು ಬಿಡಿ, ನಿಂತ ನೆಲವೂ ಇವರದಲ್ಲ. ಧಣಿಗೆ ಕೋಪ ಬಂದರೆ ಕೆಲಸವೂ ಹೋಯಿತು, ಸೂರೂ ಹೋಯಿತು.

ಎಲ್ಲ ಕಡೆ ಒಂದೇ ರೀತಿ ಇರಲಿಲ್ಲ. ತಿರುವಾಂಕೂರಿನಲ್ಲಿ 1865ರಷ್ಟು ಹಿಂದೆಯೇ ಸರ್ಕಾರಿ ಜಮೀನಿನ ಗೇಣಿದಾರರಿಗೆ ಒಡೆತನ ಕೊಟ್ಟಿದ್ದರು. ಮದ್ರಾಸ್ ಪ್ರಾಂತ್ಯದ ಕೆಳಗಿದ್ದ ಮಲಬಾರಿನಲ್ಲಿ ಜನ್ಮಿಗಳ ಹಿಡಿತ ಅತಿ ಬಿಗಿ. 1956ರ ನವೆಂಬರ್ 1ರಂದು ಕೇರಳ ರಾಜ್ಯವಾದಾಗ ಈ ಮೂರು ನಾಲ್ಕು ಬಗೆಯ ಕಾನೂನುಗಳೆಲ್ಲ ಒಂದೇ ರಾಜ್ಯದೊಳಗೆ ಬಂದವು. ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು, ಹೊಸದುರ್ಗ ಭಾಗಗಳೂ ಕೇರಳಕ್ಕೆ ಸೇರಿದವು. ಮುಂದೆ ಈ ಕಥೆಯಲ್ಲಿ ಕಾಸರಗೋಡು ಎರಡು ಸಲ ಬರುತ್ತದೆ, ಎರಡು ಸಲವೂ ಕೋರ್ಟಿನಲ್ಲೇ.

ಮೊದಲ ಆರು ದಿನ

1957ರ ಚುನಾವಣೆಯಲ್ಲಿ 126 ಸ್ಥಾನಗಳಲ್ಲಿ ಕಮ್ಯುನಿಸ್ಟ್ ಪಕ್ಷ 60 ಗೆದ್ದಿತು. ಐವರು ಪಕ್ಷೇತರರ ಬೆಂಬಲ ಸೇರಿ ಬಹುಮತ. ಏಪ್ರಿಲ್ 5ರಂದು ಇ. ಎಂ. ಎಸ್. ನಂಬೂದಿರಿಪಾಡ್ ಮುಖ್ಯಮಂತ್ರಿಯಾದರು. ಚುನಾವಣೆ ಗೆದ್ದು ಅಧಿಕಾರಕ್ಕೆ ಬಂದ ದೇಶದ ಮೊದಲ ಕಮ್ಯುನಿಸ್ಟ್ ಸರ್ಕಾರ. ಆ ಸಭೆಗೆ ಆರು ಮಹಿಳೆಯರು ಗೆದ್ದು ಬಂದಿದ್ದರು. ರೋಸಮ್ಮ ಪುನ್ನೂಸ್ ಹಂಗಾಮಿ ಸ್ಪೀಕರ್ ಆಗಿ ಸದಸ್ಯರಿಗೆ ಪ್ರಮಾಣವಚನ ಬೋಧಿಸಿದರು, ಕೆ. ಓ. ಆಯಿಷಾ ಬಾಯಿ ಉಪಸ್ಪೀಕರ್ ಆದರು. ಗೌರಿಯಮ್ಮನಿಗೆ ಸಿಕ್ಕಿದ್ದು ಕಂದಾಯ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೆಂಗಸು ಮಂತ್ರಿಯಾದರೆ ಸಮಾಜ ಕಲ್ಯಾಣವೋ, ಹೆಚ್ಚೆಂದರೆ ಆರೋಗ್ಯವೋ ಕೊಟ್ಟು ಕೂರಿಸುವ ರೂಢಿ ನಮ್ಮಲ್ಲಿ ಇಂದಿಗೂ ಇದೆ, ಅಲ್ವಾ? ಅವು ಸಣ್ಣ ಖಾತೆಗಳು ಅಂತ ನಾನು ಹೇಳುತ್ತಿಲ್ಲ. ಆದರೆ ಜಮೀನಿನ ದಾಖಲೆ, ತಹಶೀಲ್ದಾರ, ಕಲೆಕ್ಟರ್ ಇವರನ್ನೆಲ್ಲ ಹಿಡಿತದಲ್ಲಿಟ್ಟ ಖಾತೆ ಕಂದಾಯ. ಅದೂ ಭೂಸುಧಾರಣೆಯ ಭರವಸೆ ಕೊಟ್ಟು ಗೆದ್ದ ಸರ್ಕಾರದಲ್ಲಿ. ಸರ್ಕಾರದ ಮಾನ ನಿಂತಿದ್ದೇ ಆ ಖಾತೆಯ ಮೇಲೆ.

ಅಧಿಕಾರ ಹಿಡಿದ ಆರೇ ದಿನಕ್ಕೆ, ಏಪ್ರಿಲ್ 11ರಂದು, ಒಂದು ಸುಗ್ರೀವಾಜ್ಞೆ ಬಂತು. ಗೇಣಿದಾರರನ್ನಾಗಲಿ ಗುಡಿಸಲಿನವರನ್ನಾಗಲಿ ಯಾರೂ ಒಕ್ಕಲೆಬ್ಬಿಸುವ ಹಾಗಿಲ್ಲ, ಒಕ್ಕಲೆಬ್ಬಿಸುವ ಕೇಸುಗಳೆಲ್ಲ ಇದ್ದಲ್ಲೇ ನಿಲ್ಲಬೇಕು. ಅದರಲ್ಲಿ ಯಾರಿಗೂ ಒಂದು ಸೆಂಟ್ ಜಾಗವನ್ನೂ ಕೊಟ್ಟಿರಲಿಲ್ಲ. ಇರುವವರು ಇರುವಲ್ಲೇ ಇರಲಿ, ಅಷ್ಟೇ.

ಯಾಕೆ ಇಷ್ಟು ಅವಸರ? ಭೂಸುಧಾರಣೆ ಕಾನೂನು ಮಾಡಲು ಎರಡು ಮೂರು ವರ್ಷ ಬೇಕು. ಕರಡು ಆಗಬೇಕು, ಸಮಿತಿ ನೋಡಬೇಕು, ಸಭೆಯಲ್ಲಿ ಚರ್ಚೆಯಾಗಬೇಕು, ರಾಷ್ಟ್ರಪತಿಗಳ ಅಂಕಿತ ಬೀಳಬೇಕು. ಒಕ್ಕಲೆಬ್ಬಿಸಲು ಮಾತ್ರ ಒಂದು ರಾತ್ರಿ ಸಾಕು. ಉಳುವವನಿಗೆ ಜಮೀನು ಬರುತ್ತದಂತೆ ಎಂಬ ಸುದ್ದಿ ಹಬ್ಬಿದ ಕೂಡಲೇ ಧಣಿಗಳು ಗೇಣಿದಾರನನ್ನು ಹೊರಗೆ ಹಾಕಿ, ಸ್ವಂತ ಸಾಗುವಳಿ ಎಂದು ಬರೆಸಿಕೊಳ್ಳುತ್ತಾರೆ. ಕಾನೂನು ಬರುವ ಹೊತ್ತಿಗೆ ಗೇಣಿದಾರನೇ ಇರುವುದಿಲ್ಲ. ಇನ್ನು ಹಕ್ಕು ಕೊಡುವುದು ಯಾರಿಗೆ? ದೇಶದ ಎಷ್ಟೋ ಕಡೆ ಹೀಗೇ ಆಯಿತು. ಬೇಲಿ ಹಾಕಿ ಆಮೇಲೆ ಬಿತ್ತನೆ ಮಾಡುವ ರೈತನ ವಿವೇಕ ಆ ಸುಗ್ರೀವಾಜ್ಞೆಯಲ್ಲಿತ್ತು. ಗೌರಿಯಮ್ಮನ ಇಡೀ ರಾಜಕೀಯ ಬದುಕಿನಲ್ಲಿ ಇದಕ್ಕಿಂತ ಜಾಣತನದ ಹೆಜ್ಜೆ ನನಗೆ ಕಾಣುವುದಿಲ್ಲ.

ಬೇಲಿ ಬಿದ್ದ ಮೇಲೆ ಕೃಷಿ ಸಂಬಂಧ ಮಸೂದೆಯ ಕೆಲಸ. 1957ರ ಡಿಸೆಂಬರ್‌ನಲ್ಲಿ ಅದನ್ನು ಸಭೆಯಲ್ಲಿ ಮಂಡಿಸಿದರು. ಗೇಣಿದಾರನಿಗೆ ಕಾಯಂ ಹಕ್ಕು, ನ್ಯಾಯವಾದ ಗೇಣಿ, ಕಂತಿನಲ್ಲಿ ದುಡ್ಡು ಕಟ್ಟಿ ಜಮೀನು ಕೊಂಡುಕೊಳ್ಳುವ ಅವಕಾಶ, ಒಂದು ಕುಟುಂಬ ಎಷ್ಟು ಜಮೀನು ಇಟ್ಟುಕೊಳ್ಳಬಹುದು ಎಂಬುದಕ್ಕೆ ಮಿತಿ. ಮಿತಿಗಿಂತ ಹೆಚ್ಚಿದ್ದದ್ದು ಭೂಮಿ ಇಲ್ಲದವರಿಗೆ ಹೋಗಬೇಕು. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ಮಿತಿಯಿಂದ ವಿನಾಯಿತಿ.

ಬೀದಿಗೆ ಬಂದ ಸಿಟ್ಟು

ಮಸೂದೆ ಸಭೆಯಲ್ಲಿ ಪಾಸಾಗುವಾಗ 1959ರ ಜೂನ್ 10 ಆಗಿತ್ತು. ಅಷ್ಟರಲ್ಲಿ ಕೇರಳ ಕುದಿಯುತ್ತಿತ್ತು. ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ತಂದ ಮಸೂದೆ ಖಾಸಗಿ ಶಾಲೆಗಳ ಆಡಳಿತಕ್ಕೆ ಕೈ ಹಾಕಿತ್ತು, ಗೌರಿಯಮ್ಮನ ಮಸೂದೆ ಜಮೀನಿಗೆ. ಚರ್ಚು, ನಾಯರ್ ಸರ್ವಿಸ್ ಸೊಸೈಟಿ, ಕಾಂಗ್ರೆಸ್, ಮುಸ್ಲಿಂ ಲೀಗ್ ಎಲ್ಲ ಒಂದಾಗಿ ವಿಮೋಚನಾ ಸಮರ ಶುರು ಮಾಡಿದರು. ನಾಯಕ ಮನ್ನತ್ತು ಪದ್ಮನಾಭನ್. ಸರ್ಕಾರದ ಕಡೆಯಿಂದಲೂ ತಪ್ಪುಗಳಾದವು. ಅಂಗಮಾಲಿಯಲ್ಲಿ ಪೊಲೀಸ್ ಗುಂಡಿಗೆ ಏಳು ಜನ ಸತ್ತರು. ಚೆರಿಯತುರದಲ್ಲಿ ಫ್ಲೋರಿ ಎಂಬ ಬಸುರಿ ಹೆಂಗಸು ಸತ್ತಳು. ಬಡವರ ಸರ್ಕಾರ ಬಡವರ ಮೇಲೆ ಗುಂಡು ಹಾರಿಸಿದ್ದಕ್ಕೆ ಯಾವ ಸಮಜಾಯಿಷಿಯೂ ಸಾಲದು.

ಆ ಮೆರವಣಿಗೆಗಳಲ್ಲಿ ಕೂಗಿದ ಘೋಷಣೆಗಳನ್ನೂ ಮರೆಯಬಾರದು. ಗೌರಿ ಈಳವರ ಹೆಣ್ಣಲ್ಲವೇ, ಹುಲ್ಲು ಕೀಳಲು ಹೋಗಬಾರದೇ ಎಂದು ಜಾತಿ ಹಿಡಿದು ಕೂಗಿದರು. ಸಂಪುಟದಲ್ಲಿದ್ದ ದಲಿತ ಮಂತ್ರಿ ಪಿ. ಕೆ. ಚಾತ್ತನ್ ಅವರಿಗೆ ನೀನು ನೇಗಿಲು ಹಿಡಿ ಎಂದರು. ಜಮೀನಿನ ಜಗಳದಲ್ಲಿ ಎಕರೆ, ಗೇಣಿ, ಪರಿಹಾರದ ಲೆಕ್ಕ ಮಾತ್ರ ಇರಲಿಲ್ಲ. ಹುಲ್ಲು ಕೀಳಬೇಕಾದವಳು ಜಮೀನಿನ ಕಾನೂನು ಬರೆಯುತ್ತಿದ್ದಾಳೆ ಎಂಬ ಸಿಟ್ಟೂ ಇತ್ತು.

ಜುಲೈ 31ರಂದು ಕೇಂದ್ರ ಸರ್ಕಾರ 356ನೇ ವಿಧಿ ಬಳಸಿ ಸಂಪುಟವನ್ನು ವಜಾ ಮಾಡಿತು. ಮಸೂದೆಗೆ ಇನ್ನೂ ರಾಷ್ಟ್ರಪತಿಗಳ ಅಂಕಿತ ಬಿದ್ದಿರಲಿಲ್ಲ.

ಅಡಿಕೆ ತೋಟದಿಂದ ಬಂದ ಮೊದಲ ಕೇಸು

ಮುಂದಿನ ಸರ್ಕಾರ ಮಸೂದೆಯನ್ನು ಒಂದಿಷ್ಟು ತಿದ್ದಿ 1960ರಲ್ಲಿ ಮತ್ತೆ ಪಾಸು ಮಾಡಿತು. 1961ರ ಜನವರಿಯಲ್ಲಿ ಅಂಕಿತ ಬಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹಳೆಯ ದಕ್ಷಿಣ ಕನ್ನಡದಿಂದ ಬಂದ ಜಮೀನುಗಳ ಮಟ್ಟಿಗೆ ಅದನ್ನು ಹೊಡೆದು ಹಾಕಿತು. ಕೇಸು ಹಾಕಿದವರು ಕಾಸರಗೋಡು, ಹೊಸದುರ್ಗ ತಾಲೂಕುಗಳ ಜಮೀನುದಾರರು. ಕಾನೂನು ಪುಸ್ತಕಗಳಲ್ಲಿ ಇದು ಕರಿಂಬಿಲ್ ಕುಞಿಕೋಮನ್ ಕೇಸು.

ಅವರ ವಾದದ ತಿರುಳು ಹೀಗೆ. ಜಮೀನ್ದಾರಿ ರದ್ದು ಮಾಡುವ ಕಾನೂನುಗಳನ್ನು ಮೂಲಭೂತ ಹಕ್ಕಿನ ನೆಪದಲ್ಲಿ ಪ್ರಶ್ನಿಸಬಾರದು ಎಂದು ಸಂವಿಧಾನದ 31ಎ ವಿಧಿ ರಕ್ಷಣೆ ಕೊಟ್ಟಿತ್ತು. ಆದರೆ ಆ ರಕ್ಷಣೆ ಇದ್ದದ್ದು ಎಸ್ಟೇಟ್ ಎಂದು ಕರೆಯುವ ಜಮೀನಿಗೆ. ಹಳೆಯ ದಕ್ಷಿಣ ಕನ್ನಡದಲ್ಲಿದ್ದದ್ದು ರೈತವಾರಿ ಪದ್ಧತಿ, ಅಂದರೆ ಜಮೀನುದಾರ ನೇರ ಸರ್ಕಾರಕ್ಕೇ ಕಂದಾಯ ಕಟ್ಟುವುದು. ಅದು ಎಸ್ಟೇಟ್ ಅಲ್ಲ ಎಂದು ಕೋರ್ಟ್ ಒಪ್ಪಿತು. ರಕ್ಷಣೆ ಹೋದ ಮೇಲೆ ಸಮಾನತೆಯ ಪ್ರಶ್ನೆ ಬಂತು. ಚಹಾ, ಕಾಫಿ, ರಬ್ಬರ್‌ಗೆ ವಿನಾಯಿತಿ ಕೊಟ್ಟು ಅಡಿಕೆಗೂ ಕಾಳುಮೆಣಸಿಗೂ ಕೊಡದಿರುವುದು ಯಾವ ನ್ಯಾಯ? ಕೋರ್ಟ್ ಕೇಳಿದ ಪ್ರಶ್ನೆಗಳಲ್ಲಿ ಇದೂ ಒಂದು. ಕುಟುಂಬ ಎಂದರೆ ಯಾರು ಎಂಬ ವ್ಯಾಖ್ಯೆಯೂ, ಪರಿಹಾರದ ಲೆಕ್ಕವೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಇದಕ್ಕೆ ಉತ್ತರವಾಗಿಯೇ ಸಂಸತ್ತು 1964ರಲ್ಲಿ 17ನೇ ತಿದ್ದುಪಡಿ ತಂದು ರೈತವಾರಿ ಜಮೀನನ್ನೂ ಎಸ್ಟೇಟ್ ವ್ಯಾಖ್ಯೆಯೊಳಗೆ ಸೇರಿಸಿತು. ಕೇರಳದ ಕಾಂಗ್ರೆಸ್ ಸರ್ಕಾರ ಇದರ ನಡುವೆ 1963ರಲ್ಲಿ ಹೊಸ ಭೂಸುಧಾರಣೆ ಕಾನೂನು ತಂದಿತ್ತು. ಅದರ ಹಲ್ಲು ಮೊಂಡು. ಗೇಣಿದಾರ ಜಮೀನು ಕೊಳ್ಳಬಹುದಿತ್ತು, ಆದರೆ ಅದಕ್ಕೆ ಅವನೇ ಅರ್ಜಿ ಹಾಕಬೇಕು, ಧಣಿಯ ಎದುರು ನಿಲ್ಲಬೇಕು. ತಲೆತಲಾಂತರದಿಂದ ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಂತವನು ಅವನ ಮೇಲೆಯೇ ಅರ್ಜಿ ಹಾಕುವುದು ಅಂದರೆ ಸುಮ್ನೆ ಆಗುವ ಕೆಲಸವೇ?

1970ರ ಜನವರಿ 1

1967ರಲ್ಲಿ ಇ. ಎಂ. ಎಸ್. ಮತ್ತೆ ಮುಖ್ಯಮಂತ್ರಿ, ಗೌರಿಯಮ್ಮ ಮತ್ತೆ ಕಂದಾಯ ಮಂತ್ರಿ. ಹತ್ತು ವರ್ಷದ ಹಿಂದೆ ಬಿಟ್ಟ ಕೆಲಸವನ್ನು ಅಲ್ಲಿಂದಲೇ ಹಿಡಿದರು. ಅವರು ತಂದ 1969ರ ತಿದ್ದುಪಡಿ 1963ರ ಕಾನೂನಿನ ತಲೆಯನ್ನೇ ಬದಲಿಸಿತು.

ಈ ಬದಲಾವಣೆ ಓದಲು ಸಣ್ಣದು. ಮೊದಲು ಗೇಣಿದಾರ ಅರ್ಜಿ ಹಾಕಿ ಧಣಿಯಿಂದ ಹಕ್ಕು ಕೊಳ್ಳಬೇಕಿತ್ತು. ಈಗ ಒಂದು ನಿಗದಿತ ದಿನಕ್ಕೆ ಗೇಣಿಗೆ ಕೊಟ್ಟ ಜಮೀನಿನ ಮೇಲಿನ ಧಣಿಯ ಹಕ್ಕೆಲ್ಲ ತಾನಾಗಿ ಸರ್ಕಾರಕ್ಕೆ ಸೇರುತ್ತದೆ. ಸರ್ಕಾರ ಅದನ್ನು ಲ್ಯಾಂಡ್ ಟ್ರಿಬ್ಯುನಲ್ ಮೂಲಕ ಗೇಣಿದಾರನಿಗೆ ಕೊಡುತ್ತದೆ. ಗೇಣಿದಾರ ಮತ್ತು ಧಣಿ ಮುಖಾಮುಖಿ ನಿಲ್ಲುವ ಪ್ರಸಂಗ ತಪ್ಪಿತು. ನಡುವೆ ಸರ್ಕಾರ ಬಂದು ನಿಂತಿತು. ನಿಗದಿಯಾದ ದಿನ 1970ರ ಜನವರಿ 1. ಅಂದಿನಿಂದ ಕೇರಳದಲ್ಲಿ ಗೇಣಿ ಪದ್ಧತಿಯೇ ಕಾನೂನಿನ ಪ್ರಕಾರ ಮುಗಿಯಿತು.

ಮಿತಿಯೂ ಬಿಗಿಯಾಯಿತು. ಎರಡರಿಂದ ಐದು ಜನರ ಕುಟುಂಬಕ್ಕೆ 10 ಸ್ಟ್ಯಾಂಡರ್ಡ್ ಎಕರೆ (ಜಮೀನಿನ ಬಗೆ ನೋಡಿ ಎಣಿಸುವ ಎಕರೆ), ಎಷ್ಟೇ ದೊಡ್ಡ ಕುಟುಂಬವಾದರೂ ಒಟ್ಟು 20 ಎಕರೆ ದಾಟುವ ಹಾಗಿಲ್ಲ. ಗುಡಿಸಲಿನವರಿಗೆ ತಮ್ಮ ಗುಡಿಸಲಿನ ಸುತ್ತಲ ಜಾಗ ಕೊಳ್ಳುವ ಹಕ್ಕು ಬಂತು. ಪಂಚಾಯತಿಯಲ್ಲಿ 10 ಸೆಂಟ್ಸ್, ಮುನಿಸಿಪಾಲಿಟಿಯಲ್ಲಿ 5, ದೊಡ್ಡ ನಗರಗಳಲ್ಲಿ 3. ಹತ್ತು ಸೆಂಟ್ಸ್ ಅಂದರೆ ಎಕರೆಯ ಹತ್ತನೇ ಒಂದು ಭಾಗ. ಆದರೂ ಅದು ಯಾರೂ ಎಬ್ಬಿಸಲಾಗದ ಜಾಗ. ಆಲಪ್ಪುಳ ಸೀಮೆಯಲ್ಲಿ ಗುಡಿಸಲಿನವರು ಅಧಿಕಾರಿ ಬರುವುದನ್ನು ಕಾಯಲಿಲ್ಲ. ತಮ್ಮ ಹತ್ತು ಸೆಂಟ್ಸ್ ಅಳೆದು ತಾವೇ ಬೇಲಿ ಹಾಕಿಕೊಂಡರು, ಆ ಬೇಲಿಯೊಳಗಿನ ತೆಂಗಿನಕಾಯಿ ತಾವೇ ಕಿತ್ತರು.

ಕಾನೂನು ಜಾರಿಯಾದ ದಿನ ಗೌರಿಯಮ್ಮ ಮಂತ್ರಿಯಾಗಿರಲಿಲ್ಲ. ಮಸೂದೆ ಪಾಸಾದ ಕೆಲವೇ ದಿನಕ್ಕೆ ಸರ್ಕಾರ ಬಿತ್ತು. ಜಾರಿ ಮಾಡಿದ್ದು ಸಿಪಿಐನ ಸಿ. ಅಚ್ಯುತ ಮೆನನ್ ಸರ್ಕಾರ. ಕೀರ್ತಿ ಯಾರಿಗೆ ಎಂಬ ಜಗಳ ಎರಡು ಕಮ್ಯುನಿಸ್ಟ್ ಪಕ್ಷಗಳ (ಸಿಪಿಐ ಮತ್ತು 1964ರಲ್ಲಿ ಅದರಿಂದ ಒಡೆದು ಬಂದ, ಗೌರಿಯಮ್ಮ ಸೇರಿದ್ದ ಸಿಪಿಎಂ) ನಡುವೆ ಐವತ್ತು ವರ್ಷದ ನಂತರವೂ, 2020ರ ವಾರ್ಷಿಕೋತ್ಸವದ ಹೊತ್ತಿಗೂ ನಡೆಯಿತು. ಮಸೂದೆ ತಂದವರಿಗೂ ಜಾರಿ ಮಾಡಿದವರಿಗೂ ಪಾಲಿದೆ ಅನ್ನೋದು ನ್ಯಾಯವಾದ ಮಾತು. ಆದರೆ 1957ರ ಏಪ್ರಿಲ್ 11ರ ಸುಗ್ರೀವಾಜ್ಞೆಯನ್ನು ತೆಗೆದುಬಿಟ್ಟರೆ 1970ರಲ್ಲಿ ಹಕ್ಕು ಪಡೆಯಲು ಎಷ್ಟು ಗೇಣಿದಾರರು ಉಳಿದಿರುತ್ತಿದ್ದರು?

ಎಡನೀರು ಮಠದ ಜಮೀನೂ ಈ ಕಾನೂನಿನಡಿ ಬಂತು. ಇನ್ನೂ ಮೂವತ್ತು ತುಂಬದ ಕೇಶವಾನಂದ ಭಾರತಿ ಸ್ವಾಮೀಜಿ 1970ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಸಂಸತ್ತು 29ನೇ ತಿದ್ದುಪಡಿ ಮಾಡಿ ಕೇರಳದ ತಿದ್ದುಪಡಿ ಕಾನೂನನ್ನು ಸಂವಿಧಾನದ ಒಂಬತ್ತನೇ ಶೆಡ್ಯೂಲಿಗೆ, ಅಂದರೆ ಮೂಲಭೂತ ಹಕ್ಕಿನ ನೆಪದಲ್ಲಿ ಪ್ರಶ್ನಿಸಲಾಗದ ಕಾನೂನುಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ಪ್ರಶ್ನೆ ಮಠದ ಜಮೀನನ್ನು ದಾಟಿ ಸಂಸತ್ತಿನ ಅಧಿಕಾರದವರೆಗೆ ಬೆಳೆಯಿತು. 13 ನ್ಯಾಯಾಧೀಶರು, 68 ದಿನದ ವಿಚಾರಣೆ, ಏಳು ಆರರ ತೀರ್ಪು. ಮೂಲ ರಚನೆಯ ಸಿದ್ಧಾಂತ ದೇಶಕ್ಕೆ ಸಿಕ್ಕಿತು. 29ನೇ ತಿದ್ದುಪಡಿ ಉಳಿಯಿತು, ಕೇರಳದ ಭೂಸುಧಾರಣೆಯೂ ಉಳಿಯಿತು. ಅಂದರೆ ಪ್ರಜೆಯ ಹಕ್ಕಿಗೂ ಗೇಣಿದಾರನ ಹಕ್ಕಿಗೂ ಒಂದೇ ಕೇಸಿನಲ್ಲಿ ನೆಲೆ ಸಿಕ್ಕಿತು. ನಮ್ಮ ಪಠ್ಯಪುಸ್ತಕಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ.

ಗಡಿಯ ಈಚೆಗೂ ಒಮ್ಮೆ ನೋಡೋಣ. ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಅದರ ತಿರುಳೂ ಇದೇ. ಗೇಣಿ ಜಮೀನು ಆ ದಿನ ಸರ್ಕಾರಕ್ಕೆ ಸೇರುತ್ತದೆ, ಗೇಣಿದಾರ ಲ್ಯಾಂಡ್ ಟ್ರಿಬ್ಯುನಲ್‌ಗೆ 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಪಡೆಯುತ್ತಾನೆ. ಕರಾವಳಿಯಲ್ಲಿ ಡಿಕ್ಲರೇಶನ್‌ನಲ್ಲಿ ಬಂದ ಜಾಗ ಎಂದು ಇಂದಿಗೂ ಹೇಳುವುದು ಇದನ್ನೇ. ಮಂಜೇಶ್ವರದ ಗೇಣಿದಾರನ ಮೇಲಿನ ಧಣಿಯ ಹಕ್ಕು ಹೋದದ್ದು 1970ಕ್ಕೆ, ಪಕ್ಕದ ಬಂಟ್ವಾಳದವನದು ನಾಲ್ಕು ವರ್ಷ ತಡವಾಗಿ.

ಪಕ್ಷ ಮತ್ತು ಮನೆ

ಗೌರಿಯಮ್ಮ 1957ರಲ್ಲಿ ಮದುವೆಯಾದದ್ದು ಅದೇ ಸಂಪುಟದ ಮಂತ್ರಿ ಟಿ. ವಿ. ಥಾಮಸ್ ಅವರನ್ನು. 1964ರಲ್ಲಿ ಪಕ್ಷ ಒಡೆಯಿತು. ಗೌರಿಯಮ್ಮ ಸಿಪಿಎಂಗೆ ಹೋದರು, ಥಾಮಸ್ ಸಿಪಿಐನಲ್ಲೇ ಉಳಿದರು. ಮನೆಯೂ ಒಡೆಯಿತು. 1967ರ ಸಂಪುಟದಲ್ಲಿ ಇಬ್ಬರೂ ಮತ್ತೆ ಮಂತ್ರಿಗಳು, ಆದರೆ ಬೇರೆ ಬೇರೆ ಪಕ್ಷದಿಂದ. ಥಾಮಸ್ 1977ರಲ್ಲಿ ತೀರಿಕೊಂಡರು. ಹೆಂಗಸಿನ ರಾಜಕೀಯ ಬದುಕನ್ನು ಅವಳ ಮದುವೆಯ ಮೂಲಕವೇ ಹೇಳುವ ಚಟ ಎಲ್ಲ ಭಾಷೆಯಲ್ಲೂ ಇದೆ, ಹಾಗಾಗಿ ಇಷ್ಟಕ್ಕೇ ನಿಲ್ಲಿಸುತ್ತೇನೆ.

1987ರ ಚುನಾವಣೆಯಲ್ಲಿ ಎಡರಂಗದ ಕಾರ್ಯಕರ್ತರು ಊರೂರಲ್ಲಿ ಕೂಗಿದ ಘೋಷಣೆ, ತೆಂಗು ತುಂಬಿದ ಕೇರಳ ನಾಡನ್ನು ಕೆ. ಆರ್. ಗೌರಿ ಆಳುತ್ತಾರೆ ಎಂಬುದು. ಜನ ವೋಟು ಕೊಟ್ಟರು, ಎಡರಂಗ ಗೆದ್ದಿತು. ಮುಖ್ಯಮಂತ್ರಿಯಾದದ್ದು ಇ. ಕೆ. ನಾಯನಾರ್. ಗೌರಿಯಮ್ಮನಿಗೆ ಕೈಗಾರಿಕೆ ಖಾತೆ ಸಿಕ್ಕಿತು. ಆಡಳಿತದ ಅನುಭವದಲ್ಲಿ ಅವರಿಗೆ ಸರಿಸಮನಾದವರು ಆ ಗುಂಪಿನಲ್ಲಿ ಬಹಳ ಜನ ಇರಲಿಲ್ಲ. ಪಕ್ಷದ ಒಳಗಿನ ಲೆಕ್ಕಾಚಾರ ಏನೇ ಇರಲಿ, ಅವರ ಹೆಸರು ಹೇಳಿ ವೋಟು ಕೇಳಿ ಆಮೇಲೆ ಪಕ್ಕಕ್ಕೆ ಸರಿಸಿದ್ದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಅವರು ಬದುಕಿದ್ದಷ್ಟು ಕಾಲ ಕೇರಳಕ್ಕೆ ಒಬ್ಬ ಮಹಿಳಾ ಮುಖ್ಯಮಂತ್ರಿ ಬರಲೇ ಇಲ್ಲ.

ಆ ಕೈಗಾರಿಕೆ ಮಂತ್ರಿಯ ಅವಧಿಯಲ್ಲೇ ತಿರುವನಂತಪುರದ ಟೆಕ್ನೋಪಾರ್ಕ್ ಶುರುವಾಯಿತು, ದೇಶದ ಮೊದಲ ತಂತ್ರಜ್ಞಾನ ಪಾರ್ಕ್. ರಾಜ್ಯ ಮಹಿಳಾ ಆಯೋಗಕ್ಕೆ ಬೇಕಾದ ಕಾನೂನಿನ ಕೆಲಸಕ್ಕೂ ಅವರೇ ಕೈ ಹಾಕಿದರು. ನಂತರ ಪಕ್ಷದ ಜೊತೆ ಸಂಬಂಧ ಹಳಸುತ್ತ ಹೋಗಿ, 1994ರ ಜನವರಿ 1ರಂದು ಸಿಪಿಎಂ ಅವರನ್ನು ಹೊರಗೆ ಹಾಕಿತು. ಆಗ ಅವರಿಗೆ 74. ಆ ವಯಸ್ಸಿನಲ್ಲಿ ಜನಾಧಿಪತ್ಯ ಸಂರಕ್ಷಣ ಸಮಿತಿ (ಜೆಎಸ್‌ಎಸ್) ಎಂಬ ಸ್ವಂತ ಪಕ್ಷ ಕಟ್ಟಿ, ತಾವು ಜೀವನವಿಡೀ ಎದುರಿಸಿದ ಕಾಂಗ್ರೆಸ್ ರಂಗವನ್ನು ಸೇರಿ, ಅರೂರಿನಿಂದ 1996ರಲ್ಲೂ 2001ರಲ್ಲೂ ಗೆದ್ದರು. ಎ. ಕೆ. ಆಂಟನಿ ಮತ್ತು ಊಮ್ಮನ್ ಚಾಂಡಿ ಸಂಪುಟಗಳಲ್ಲಿ ಮಂತ್ರಿಯಾದರು. 2006ರಲ್ಲಿ ಅರೂರಿನಲ್ಲಿ, 2011ರಲ್ಲಿ ಚೇರ್ತಲದಲ್ಲಿ ಸೋತರು. 2021ರ ಮೇ 11ರಂದು ತೀರಿಕೊಂಡಾಗ 101 ವರ್ಷ. ಆಲಪ್ಪುಳದ ವಲಿಯ ಚುಡುಕಾಡಿನಲ್ಲಿ, ಪುನ್ನಪ್ರ-ವಯಲಾರ್ ಹುತಾತ್ಮರ ನೆಲದಲ್ಲಿ ಅಂತ್ಯಕ್ರಿಯೆಯಾಯಿತು.

ಕಾನೂನು ತಲುಪದವರು

ಈ ಕಾನೂನಿನಿಂದ ಲಕ್ಷಾಂತರ ಗೇಣಿದಾರ ಕುಟುಂಬಗಳು ಜಮೀನಿನ ಒಡೆಯರಾದವು. ಆದರೆ ಗೇಣಿದಾರ ಎಂದರೆ ಯಾರು? ಗೇಣಿಗೆ ಜಮೀನು ಹಿಡಿಯಲು ಆಗುತ್ತಿದ್ದವನು. ಹೆಚ್ಚಾಗಿ ನಾಯರ್, ಈಳವ, ಕ್ರೈಸ್ತ, ಮುಸ್ಲಿಂ ಕುಟುಂಬಗಳು. ಆ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ದಲಿತರು ಗೇಣಿದಾರರಾಗಿರಲಿಲ್ಲ, ಹಾಗಾಗಿ ಅವರಿಗೆ ಸಿಕ್ಕಿದ್ದು ಗುಡಿಸಲಿನ ಸುತ್ತಲಿನ ಕೆಲವು ಸೆಂಟ್ಸ್ ಮಾತ್ರ. ಮಿತಿಗಿಂತ ಹೆಚ್ಚಿನ ಜಮೀನು ಅವರಿಗೆ ಬರಬೇಕಿತ್ತು. ಹದಿಮೂರು ವರ್ಷ ತಡವಾದದ್ದರಿಂದ ದೊಡ್ಡ ಜಮೀನುದಾರರಿಗೆ ಪಾಲು ಮಾಡಿ, ಬರೆದುಕೊಟ್ಟು, ಮಿತಿಯೊಳಗೆ ತೋರಿಸಲು ಬೇಕಾದಷ್ಟು ಸಮಯ ಸಿಕ್ಕಿತ್ತು. ಒಕ್ಕಲೆಬ್ಬಿಸದ ಹಾಗೆ ಹಾಕಿದ ಬೇಲಿ ಗಟ್ಟಿಯಾಗಿತ್ತು. ಜಮೀನು ಕೈಬದಲಾಗದ ಹಾಗೆ ಅಷ್ಟೇ ಗಟ್ಟಿ ಬೇಲಿ ಬೀಳಲಿಲ್ಲ.

ಆದಿವಾಸಿಗಳ ಕಥೆ ಇನ್ನೂ ಕಷ್ಟದ್ದು. ಅವರಿಂದ ಹೊರಗಿನವರು ಹೊಡೆದುಕೊಂಡ ಜಮೀನನ್ನು ವಾಪಸು ಕೊಡಿಸಲು 1975ರಲ್ಲಿ ಕೇರಳ ಒಂದು ಕಾನೂನು ಮಾಡಿತು, ಆದರೆ ಜಾರಿ ಮಾಡಲಿಲ್ಲ. ಜಾರಿ ಮಾಡಿ ಎಂದು ಹೈಕೋರ್ಟ್ ಬೆನ್ನು ಹತ್ತಿದಾಗ, 1996ರಲ್ಲಿ ಎಡರಂಗದ ಸರ್ಕಾರ ಆ ಕಾನೂನನ್ನೇ ತೆಳು ಮಾಡುವ ತಿದ್ದುಪಡಿ ತಂದಿತು. ಆಳುವ ಪಕ್ಷ, ವಿರೋಧ ಪಕ್ಷ ಎಲ್ಲ ಒಪ್ಪಿದರು. ಇಡೀ ಸಭೆಯಲ್ಲಿ ಬೇಡ ಎಂದವರು 77 ವರ್ಷದ ಗೌರಿಯಮ್ಮ ಒಬ್ಬರೇ. ಒಕ್ಕಲೆಬ್ಬಿಸಿಕೊಂಡವನಿಗೆ ಜಮೀನು ವಾಪಸು ಸಿಗಬೇಕು ಎಂಬ ವಿಷಯದಲ್ಲಿ 1957ರ ಮಂತ್ರಿಯೂ 1996ರ ಶಾಸಕಿಯೂ ಒಂದೇ ಮಾತಿನಲ್ಲಿ ನಿಂತಿದ್ದರು.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. 2003ರ ಫೆಬ್ರವರಿಯಲ್ಲಿ ವಯನಾಡಿನ ಮುತ್ತಂಗದಲ್ಲಿ, ಸಿ. ಕೆ. ಜಾನು ನೇತೃತ್ವದಲ್ಲಿ ಜಮೀನಿಗಾಗಿ ಕಾಡಿನಲ್ಲಿ ಗುಡಿಸಲು ಹಾಕಿದ್ದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಗ ಗೌರಿಯಮ್ಮ ಅದೇ ಸರ್ಕಾರದ ಕೃಷಿ ಮಂತ್ರಿ. ಅವರು ರಾಜೀನಾಮೆ ಕೊಡಲಿಲ್ಲ. ಅವರ ಬಗ್ಗೆ ನನಗಿರುವ ಗೌರವದಲ್ಲಿ ಈ ಜಾಗ ನೋಯುತ್ತದೆ.

ತೋಟಗಳ ವಿನಾಯಿತಿಯೂ ಹಾಗೇ ಉಳಿದಿದೆ. 1957ರ ಮಸೂದೆಯಲ್ಲಿ ಇದ್ದದ್ದು 1963ರ ಕಾನೂನಿನ 81ನೇ ಕಲಮಿಗೂ ಬಂತು. ಹಾಗಾಗಿ ಒಂದೇ ರಾಜ್ಯದಲ್ಲಿ ಗದ್ದೆಯ ಒಡೆಯನಿಗೆ ಎಕರೆಗಳ ಮಿತಿ ಇದೆ, ಸಾವಿರಾರು ಎಕರೆ ಚಹಾ ಮತ್ತು ರಬ್ಬರ್ ಬೆಳೆಯುವ ಕಂಪನಿಗೆ ಇಲ್ಲ. 2007ರಲ್ಲಿ ಚೆಂಗರದ ರಬ್ಬರ್ ತೋಟದೊಳಗೆ ನುಗ್ಗಿ ಗುಡಿಸಲು ಹಾಕಿದ ಭೂಮಿ ಇಲ್ಲದ ಕುಟುಂಬಗಳಲ್ಲಿ ಹೆಚ್ಚಿನವು ದಲಿತರವು. ಅವರು ಕೇಳಿದ್ದು ಹತ್ತು ಸೆಂಟ್ಸ್ ಮನೆ ಜಾಗಕ್ಕಿಂತ ಹೆಚ್ಚಿನದನ್ನು, ಉಳುವಷ್ಟು ಜಮೀನನ್ನು.